ಎರಡನೇದು ಎಲ್ಲೈತೆ?

ಚಳ್ಳಕೆರೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನಾನು ಇಪ್ಪತ್ತಾರು ವರ್ಷ ಕೌಂಟರಿನ ಹಿಂದೆ ನಿಂತೆ. ಕೂತೆ ಅಂತ ಬರೆಯಲಾರೆ, ಅಲ್ಲಿದ್ದ ಒಂದೇ ಕುರ್ಚಿ ಯಜಮಾನರದು. ಹಾರ್ಡ್ ಡಿಸ್ಕ್, ಪೆನ್ ಡ್ರೈವ್, ಕೇಬಲ್, ಯುಪಿಎಸ್ ಮಾರೋದು ನನ್ನ ಕೆಲಸ. ಕಳೆದ ವರ್ಷ ಬಿಟ್ಟೆ. ಈಗ ಇಂಥ ಅಂಗಡಿಗಳಿಗೆ ಹೊಸದಾಗಿ ಸೇರಿದವರು ಮನೆಗೆ ಬಂದು, "ಅಕ್ಕಾ, ಗಿರಾಕಿ ಜತೆ ಎಂಗೆ ಮಾತಾಡ್ಬೇಕು, ಒಂದೀಟು ಹೇಳಿಕೊಡ್ರಿ" ಅನ್ನುತ್ತಾರೆ. ಗಿರಾಕಿ ಜತೆ ಮಾತಾಡೋದು ಒಂದು ವಾರದಲ್ಲಿ ಬರುತ್ತೆ. ಯಜಮಾನರ ಮಾತು ಮೀರೋದು ಕಲಿಯೋಕೆ ನನಗೆ ವರ್ಷಗಳೇ ಹಿಡಿದವು. ಅದನ್ನೇ ಬರೆಯುತ್ತೇನೆ. ಸಂಬಳ ಯಾವಾಗ ಹೆಚ್ಚಾಯ್ತು ಅನ್ನೋದು ಇಲ್ಲಿ ಬರೋದಿಲ್ಲ. ಹೆಚ್ಚಾಗಿದ್ದೇ ಅಪರೂಪ.

ನನ್ನ ಹೆಸರು ಸರ್ವಮಂಗಳ, ಊರಿಗೆಲ್ಲ ಮಂಗಳಮ್ಮ. ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದೆ. ಕಲಿಯೋರು ಒಬ್ಬೊಬ್ಬರೇ ಕಡಿಮೆಯಾಗಿ, ಕೊನೆಗೆ ಗುಜರಿಯವನು ಬಂದು ಮಿಷನ್ನುಗಳನ್ನ ತೂಕಕ್ಕೆ ಹಾಕಿಕೊಂಡು ಹೋದ. ಅದೇ ಬೀದಿಯಲ್ಲಿ ರುದ್ರಪ್ಪನವರು ಹೊಸದಾಗಿ ಕಂಪ್ಯೂಟರ್ ಅಂಗಡಿ ತೆರೆದಿದ್ದರು. ಎಣ್ಣೆ ಮಿಲ್ಲಿನ ಮನೆತನ. ಒಂದು ಹಿಡಿ ಶೇಂಗಾ ಕೈಯಲ್ಲಿ ಉಜ್ಜಿ ನೋಡಿ ಎಣ್ಣೆ ಎಷ್ಟು ಇಳಿಯುತ್ತೆ ಅಂತ ಹೇಳಿಬಿಡೋರು. ಕಂಪ್ಯೂಟರಿನ ವಿಷಯ ಅಷ್ಟು ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತ ಒಪ್ಪಿಕೊಳ್ಳುತ್ತಲೂ ಇರಲಿಲ್ಲ. ನನ್ನನ್ನ ಟೈಪ್ ಮಾಡೋಕೆ ಅಂತ ಸೇರಿಸಿಕೊಂಡರು. ರಿಪೇರಿ ನೋಡಿಕೊಳ್ಳುತ್ತಿದ್ದವನು ಕೆಲಸ ಬಿಟ್ಟ ದಿನ ಸ್ಕ್ರೂ ಡ್ರೈವರನ್ನ ನಾನೇ ಕೈಗೆ ತಗೊಂಡೆ. ತಗೋ ಅಂತ ಯಾರೂ ಹೇಳಿರಲಿಲ್ಲ.

"ಗಂಡಸರು ಯಾರೂ ಇಲ್ವೇನಮ್ಮ?" ಅಂತ ಕೇಳೋ ಗಿರಾಕಿಗಳು ಆಗ ದಿನಕ್ಕೆ ಇಬ್ಬರಾದರೂ ಇರುತ್ತಿದ್ದರು.

"ಅದಾರಲ್ಲ, ಆ ಕುರ್ಚಿ ಮ್ಯಾಲೆ. ಕೇಳ್ರಿ," ಅನ್ನುತ್ತಿದ್ದೆ. ಯಜಮಾನರು ಪೇಪರಿನಿಂದ ತಲೆ ಎತ್ತದೆ ನನ್ನ ಕಡೆ ಕೈ ತೋರಿಸೋರು.

ಅವರು ನನಗೆ ಹೇಳಿಕೊಟ್ಟ ವ್ಯಾಪಾರ ಒಂದೇ ಮಾತಿನದು. "ಗಿರಾಕಿ ಕೇಳಿದ್ದು ಕೊಡು. ಕೇಳದೇ ಇದ್ದದ್ದು ಹೇಳಬ್ಯಾಡ." ಈ ಮಾತನ್ನ ನಾನು ಮೊದಲ ತಿಂಗಳೇ ಮುರಿದೆ. ಆಮೇಲೂ ಮುರಿಯುತ್ತಲೇ ಇದ್ದೆ.

ಆ ಕಾಲದಲ್ಲಿ ಹೊರಗಡೆ ಇಟ್ಟುಕೊಳ್ಳೋ ಹಾರ್ಡ್ ಡಿಸ್ಕ್ ಅಂದರೆ ಇಟ್ಟಿಗೆ ಗಾತ್ರದ್ದು. ಅದಕ್ಕೊಂದು ಬೇರೆ ಅಡಾಪ್ಟರು, ಗೋಡೆಯ ಸಾಕೆಟ್ಟಿಗೆ ಹಾಕಬೇಕು. ನಮ್ಮೂರಿನ ಕರೆಂಟು ಹೇಗಿತ್ತು ಅಂದರೆ, ಮಿಲ್ಲಿನಲ್ಲಿ ಒಂದು ಮೋಟರು ಶುರುವಾದರೆ ಇಡೀ ಬೀದಿಯ ಬಲ್ಬುಗಳು ಮಂಕಾಗಿ ಮತ್ತೆ ಹತ್ತುತ್ತಿದ್ದವು. ಇಟ್ಟಿಗೆ ಡಿಸ್ಕಿನ ಅಡಾಪ್ಟರು ಸುಟ್ಟು, ಅದರ ಜತೆ ಡಿಸ್ಕೂ ಹೋಗಿ, ಗಿರಾಕಿ ಮುಖ ಸಣ್ಣದು ಮಾಡಿಕೊಂಡು ಬಂದು ನಿಲ್ಲೋದನ್ನ ನಾನು ಎಷ್ಟು ಸಲ ನೋಡಲಿ? "ಮೊದಲು ಒಂದು ಯುಪಿಎಸ್ ಹಾಕಿಸ್ರಿ. ಡಿಸ್ಕ್ ಆಮೇಲೆ ತಗೊಂಡ್ರಾಯ್ತು. ತಗೊಳ್ಳೋದಾದ್ರೂ ಕಂಪ್ಯೂಟರಿಂದಲೇ ಕರೆಂಟು ತಗೊಳ್ಳೋ ಚಿಕ್ಕದು ತಗೊಳ್ರಿ" ಅಂತ ಹೇಳೋಕೆ ಶುರು ಮಾಡಿದೆ. ಇಟ್ಟಿಗೆಗಳು ಶೆಲ್ಫಿನಲ್ಲಿ ಧೂಳು ತಿನ್ನುತ್ತಾ ಕೂತವು. ಯಜಮಾನರ ಸಿಟ್ಟೂ ಹಾಗೇ ಬೆಳೆಯಿತು.

ಆಗಲೇ ನನಗೆ ಒಂದು ಅಭ್ಯಾಸವಾಯ್ತು. ಯಾರೇ ಡಿಸ್ಕ್ ಕೇಳಲಿ, ಡಬ್ಬಿ ಇಳಿಸೋಕೆ ಮುಂಚೆ, "ಒಳಗೆ ಏನಿಡ್ತೀರಿ?" ಅಂತ ಕೇಳೋದು. ಬರೀ ಪತ್ರಗಳು, ಮಾರ್ಕ್ಸ್ ಕಾರ್ಡು, ಪಹಣಿ ಇಡೋರಿಗೆ ದೊಡ್ಡದು ಯಾಕೆ? ಮದುವೆ ವಿಡಿಯೋ ಇಡೋರಿಗೆ ಚಿಕ್ಕದು ಹೇಗೆ ಸಾಕಾದೀತು? ಟೀವಿಗೆ ಹಾಕಿ ನೋಡೋರಿದ್ದರೆ ಟೀವಿ ಅದನ್ನ ಓದುತ್ತಾ ಅಂತ ಮೊದಲೇ ನೋಡಬೇಕಲ್ಲ? ಕೆಲವರಿಗೆ ಈ ಪ್ರಶ್ನೆಯಿಂದಲೇ ಕೋಪ ಬರುತ್ತಿತ್ತು. "ಏನಾರ ಇಟ್ಕಂತೀನಿ, ನಿಂಗ್ಯಾಕಮ್ಮ?" ಅನ್ನೋರು. ಅಂಥವರ ಮುಂದೆ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ನಿಲ್ಲುತ್ತಿದ್ದೆ. ಉತ್ತರ ಬಂದ ಮೇಲೆ ಕೊಡುತ್ತಿದ್ದೆ.

ಕುದಾಪುರದ ಕಡೆ ವಿಜ್ಞಾನ ಸಂಸ್ಥೆಗಳ ದೊಡ್ಡ ಕ್ಯಾಂಪಸ್ಸುಗಳು ಬಂದ ಮೇಲೆ ತುಂಬಾ ಓದಿದ ಗಿರಾಕಿಗಳು ಬರೋಕೆ ಹತ್ತಿದರು. ಆ ಕಡೆ ಬಾಡಿಗೆ ಮನೆ ಮಾಡಿಕೊಂಡಿದ್ದ ಒಬ್ಬರು ಫೋನಿನಲ್ಲಿ ಪಟ್ಟಿ ಬರೆದುಕೊಂಡೇ ಬಂದಿದ್ದರು. ಎಸ್‌ಎಸ್‌ಡಿ ಬೇಕು ಅಂದರು. ಅಂದರೆ ಒಳಗೆ ತಿರುಗೋ ತಟ್ಟೆ ಇಲ್ಲದ, ಬಹಳ ವೇಗದ ಡಿಸ್ಕು. ಆಗಿನ್ನೂ ಹೊಸದು, ಬೆಲೆ ಜಾಸ್ತಿ.

"ಮನೆ ಕಂಪ್ಯೂಟರಿಗೆ ಎಷ್ಟು ವರ್ಷ ಆತು ಸರ್?" ಅಂದೆ.

"ಅದು ನಿಮಗ್ಯಾಕೆ?"

"ಹಳೇದಾದ್ರೆ ಅದರ ಪೋರ್ಟು ನಿಧಾನ. ಇದರ ವೇಗ ಅಲ್ಲಿ ಸಿಗಲ್ಲ. ಸುಮ್ನೆ ದಂಡ."

ಅವರು ನನ್ನನ್ನ ಮೇಲಿಂದ ಕೆಳಗೆ ನೋಡಿದರು. "ನೀವು ಏನು ಓದಿದ್ದೀರಿ?"

"ಟೈಪಿಂಗ್ ಸೀನಿಯರ್ ಸರ್. ಕನ್ನಡ, ಇಂಗ್ಲಿಷ್ ಎರಡೂ."

ಡಬ್ಬಿ ತಗೊಂಡು ಹೋದರು. ವಾರದೊಳಗೆ ವಾಪಸ್ ಬಂದರು. ಡಿಸ್ಕ್ ಕೆಟ್ಟಿದೆ, ಆಮೆ ಥರ ನಡೆಯುತ್ತೆ ಅಂತ ದೂರು. ನಾನು ಅದನ್ನ ಅಂಗಡಿಯ ಹೊಸ ಮಿಷನ್ನಿಗೆ ಹಾಕಿ, ಒಂದು ಸಿನಿಮಾ ಕಾಪಿಗೆ ಹಚ್ಚಿ, ಗೋಡೆ ಗಡಿಯಾರ ತೋರಿಸಿದೆ. ಅವರು ಬಾಯಿ ತೆರೆಯೋದರೊಳಗೆ ಮುಗಿದಿತ್ತು. ಆಮೇಲೆ ಶೆಲ್ಫಿನ ಕೆಳಗಿದ್ದ ಹಳೇ ಮಿಷನ್ನಿಗೆ ಹಾಕಿದೆ. ಅದೇ ಸಿನಿಮಾ. ಅವರು ಎರಡು ಸಲ ವಾಚು ನೋಡಿಕೊಂಡರು. ಮೂರನೇ ಸಲ ನೋಡಿಕೊಳ್ಳದೆ ಹೊರಟರು. ಮತ್ತೆ ಅಂಗಡಿಗೆ ಅವರು ಬರಲಿಲ್ಲ, ಹೆಂಡತಿಯನ್ನ ಕಳಿಸುತ್ತಿದ್ದರು. "ಇವ್ರು ನಿಮ್ಮನ್ನೇ ಕೇಳಿ ತರಬೇಕು ಅಂದಿದಾರೆ" ಅಂತ ಆ ತಾಯಿ ನಗುತ್ತಾ ಹೇಳೋರು.

ಇದನ್ನೆಲ್ಲ ಓದಿ ನಾನು ಎಲ್ಲಾ ತಿಳಿದವಳು ಅಂದುಕೊಳ್ಳಬೇಡಿ. ನಾನು ಮಾಡಿದ ಒಂದು ತಪ್ಪಿನಿಂದ ಒಬ್ಬ ಮನುಷ್ಯನ ಅರ್ಧ ಜೀವಮಾನದ ಕೆಲಸ ಮಣ್ಣುಪಾಲಾಯ್ತು. ಅದನ್ನ ಮುಚ್ಚಿಟ್ಟು ಉಳಿದದ್ದನ್ನ ಹೇಳಿದರೆ ಈ ಬರಹಕ್ಕೆ ಅರ್ಥವಿಲ್ಲ.

ಮೊಳಕಾಲ್ಮುರಿನ ವೆಂಕಟೇಶಪ್ಪನವರು ರೇಷ್ಮೆ ಸೀರೆಗೆ ಡಿಸೈನ್ ಬರೆಯೋರು. ಸೆರಗಿನ ನವಿಲು, ಅಂಚಿನ ರುದ್ರಾಕ್ಷಿ, ಮೈಮೇಲಿನ ಬುಟ್ಟಾ, ಎಲ್ಲವನ್ನೂ ಚೌಕುಳಿ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬಿ ಬರೆಯಬೇಕು. ಒಂದು ಚೌಕ ಅಂದರೆ ಒಂದು ಎಳೆ. ಆ ಲೆಕ್ಕದಂತೆ ರಟ್ಟಿನ ಕಾರ್ಡಿಗೆ ತೂತು ಹೊಡೆದು ಮಗ್ಗದ ಮೇಲೆ ಕಟ್ಟುತ್ತಾರೆ. ವಯಸ್ಸಾದ ಮೇಲೆ ಅವರು ಈ ಕೆಲಸವನ್ನ ಕಂಪ್ಯೂಟರಿನಲ್ಲಿ ಮಾಡೋಕೆ ಕಲಿತಿದ್ದರು. ಹಳೇ ಹಾಳೆಗಳನ್ನೆಲ್ಲ ಅದಕ್ಕೇ ಏರಿಸಿದ್ದರು. ಮೊದಲ ಸಲ ಅಂಗಡಿಗೆ ಬಂದಾಗ ಸಿಪಿಯುವನ್ನ ಹಳೇ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ತಂದಿದ್ದರು. ಮನೆಮಾತು ತೆಲುಗು, ನನ್ನ ಜತೆ ಕನ್ನಡ.

"ಅಮ್ಮಾ, ಇದು ಬಾಳ ನಿಧಾನ ಆಗೈತೆ. ಡಿಸೈನೆಲ್ಲ ಇದರಾಗೇ ಅದಾವೆ. ಎಲ್ಲಾನ ಹೊರಗಡೆ ಇಡಾಕೆ ಏನಾನ ಕೊಡ್ರಿ."

ಒಳಗೆ ಏನಿಡ್ತೀರಿ ಅಂತ ಕೇಳೋ ಅಗತ್ಯವೇ ಬರಲಿಲ್ಲ, ಅವರೇ ಹೇಳಿದ್ದರು. ಒಳ್ಳೇ ಕಂಪನಿಯ ಚಿಕ್ಕ ಡಿಸ್ಕ್ ಆರಿಸಿಕೊಟ್ಟೆ. ಗಟ್ಟಿ ಕೇಬಲ್ ಕೊಟ್ಟೆ. ಕಂಪ್ಯೂಟರಿನ ಮುಂದುಗಡೆ ಹಾಕಬೇಡಿ, ಅಲ್ಲಿ ಶಕ್ತಿ ಸಾಲದು, ಹಿಂದುಗಡೆ ಹಾಕಿ ಅಂದೆ. "ಇನ್ನು ನಿಮ್ಮ ಡಿಸೈನ್‌ಗೆ ಏನೂ ಭಯ ಇಲ್ಲ" ಅಂತಲೂ ಅಂದೆ. ಆ ಮಾತು ನನ್ನ ಬಾಯಿಂದ ಬಂತು. ಇವತ್ತಿಗೂ ನೆನಪಾದರೆ ನನ್ನ ಮೇಲೇ ನನಗೆ ಕೋಪ ಬರುತ್ತೆ.

ಭಯ ಇಲ್ಲ ಅಂದಿದ್ದಕ್ಕೆ ಅವರು ಎಲ್ಲವನ್ನೂ ಡಿಸ್ಕಿಗೆ ಹಾಕಿ ಕಂಪ್ಯೂಟರಿನಲ್ಲಿದ್ದದ್ದನ್ನ ಅಳಿಸಿಬಿಟ್ಟರು. ಅದು ಹಗುರವಾಗಲಿ ಅಂತ. ಚೌಕುಳಿ ಹಾಳೆಗಳನ್ನ ಗೆದ್ದಲು ಹಿಡಿದಿದೆ ಅಂತ ಆಗಲೇ ಸುಟ್ಟಿದ್ದರು. ಕಂಪ್ಯೂಟರ್ ಮೇಜು ಇದ್ದದ್ದು ಅವರ ಹೆಂಡತಿ ಲಕ್ಷ್ಮಕ್ಕ ನೇಯುವ ಮಗ್ಗದ ಪಕ್ಕದಲ್ಲೇ. ಮಗ್ಗದ ಏಟಿಗೆ ನೆಲ ಅದುರುತ್ತೆ, ನೆಲದ ಜತೆ ಮೇಜೂ ಅದುರುತ್ತೆ. ಡಿಸ್ಕು ದಿನಕ್ಕೆ ಒಂದು ಕೂದಲೆಳೆಯಷ್ಟು ಜರುಗುತ್ತಾ ಜರುಗುತ್ತಾ, ಒಂದು ಮಧ್ಯಾಹ್ನ ತಿರುಗುತ್ತಿರುವಾಗಲೇ ನೆಲಕ್ಕೆ ಬಿತ್ತು.

ಅಂಗಡಿಗೆ ತಂದು ಕೌಂಟರಿನ ಮೇಲಿಟ್ಟರು. ಮಿಷನ್ನಿಗೆ ಹಾಕಿದೆ. ಟಕ್, ಟಕ್, ಟಕ್. ಈ ಕೆಲಸದಲ್ಲಿ ಇರೋರಿಗೆ ಆ ಸದ್ದು ಗೊತ್ತು. ಬೆಂಗಳೂರಿನಲ್ಲಿ ಸತ್ತ ಡಿಸ್ಕಿನಿಂದ ತೆಗೆದುಕೊಡೋರಿಗೆ ಕಳಿಸಿದೆವು. ಒಳಗಿನ ತಟ್ಟೆ ಗೀಚಿಹೋಗಿದೆ, ಏನೂ ಸಿಗಲ್ಲ ಅಂತ ವಾಪಸ್ ಬಂತು.

"ಅಂತಾ ಪೋಯಿಂದಿ ತಲ್ಲಿ," ಅಂದರು. ಎಲ್ಲಾ ಹೋಯ್ತು ತಾಯಿ ಅಂತ. ಬೈಯಲಿಲ್ಲ. ಬೈದಿದ್ದರೆ ನಾನು ಎದುರು ಮಾತಾಡಿ ಸುಧಾರಿಸಿಕೊಳ್ಳುತ್ತಿದ್ದೆನೇನೋ.

ಯಜಮಾನರು, "ಬಿದ್ದದ್ದಕ್ಕೆ ವಾರಂಟಿ ಇಲ್ಲ ವೆಂಕಟೇಶಪ್ಪ" ಅಂದರು. ಅದು ನಿಜ. ಆದರೆ ಎಲ್ಲಿ ಇಡ್ತೀರಿ ಅಂತ ನಾನು ಕೇಳಿರಲಿಲ್ಲ. ಇನ್ನೊಂದು ಕಡೆ ಇದೆಯಾ ಅಂತ ಕೇಳಿರಲಿಲ್ಲ. ಅದೂ ಅಷ್ಟೇ ನಿಜ. "ತಪ್ಪು ನಂದು" ಅಂತ ಯಜಮಾನರ ಎದುರಿಗೇ ಹೇಳಿದೆ. ಅವರು ಕಣ್ಣು ಕೆಕ್ಕರಿಸಿದರು. ಅಂಗಡಿಯಲ್ಲಿ ಹಾಗೆ ಹೇಳಬಾರದಂತೆ.

ಮುಂದಿನ ಭಾನುವಾರ ಮೊಳಕಾಲ್ಮುರಿಗೆ ಹೋದೆ. ಕ್ಷಮೆ ಕೇಳಿ ಬರೋಣ ಅಂತ ಹೊರಟದ್ದು. ಹೋಗಿ ನೋಡಿದರೆ ನಡುಮನೆಯಲ್ಲಿ ಹಾಸಿದ ಚಾಪೆಯ ಮೇಲೆ ಐದಾರು ಸೀರೆ ಹರಡಿವೆ. ವೆಂಕಟೇಶಪ್ಪನವರು ಭೂತಗನ್ನಡಿ ಹಿಡಿದು ಒಂದು ಸೆರಗಿನ ಮೇಲೆ ಬಗ್ಗಿದ್ದಾರೆ.

"ಏನು ಮಾಡ್ತಿದೀರಿ?" ಅಂದೆ.

ಲಕ್ಷ್ಮಕ್ಕ ಹೇಳಿದರು. "ಡಿಸ್ಕಿನಾಗೆ ಹೋದ್ರೆ ಏನಾತು, ನೇಯ್ದಿರೋ ಸೀರೆ ಜನದ ಮನೆಯಾಗೆ ಅದಾವಲ್ಲ. ಊರಾಗೆಲ್ಲ ಕೇಳಿ ತಂದೀವಿ. ಎಳೆ ಎಣಿಸಿ ಮತ್ತೆ ಬರೀತಾರಂತೆ."

ನಾನು ಕಂಪ್ಯೂಟರಿನ ಮುಂದೆ ಕೂತೆ. ಅವರು ಭೂತಗನ್ನಡಿಯಲ್ಲಿ ನೋಡಿ, "ಎರಡು ತುಂಬು, ಮೂರು ಖಾಲಿ, ಒಂದು ತುಂಬು" ಅಂತ ಕೂಗೋರು, ನಾನು ಚೌಕ ತುಂಬೋದು. ಟೈಪಿಂಗ್ ಕಲಿತ ಬೆರಳು, ಅವರ ಬಾಯಿಗಿಂತ ಮುಂದೆ ಓಡುತ್ತಿತ್ತು. ಆ ದಿನ ಸಂಜೆಯೊಳಗೆ ನವಿಲಿನ ಒಂದು ರೆಕ್ಕೆ ಬಂತು. ಅಷ್ಟೇ. ಮತ್ತೆ ಮುಂದಿನ ಭಾನುವಾರ ಹೋದೆ. ಅದರ ಮುಂದಿನದಕ್ಕೂ ಹೋದೆ. ಹೀಗೆ ಒಂದು ವರ್ಷಕ್ಕೂ ಮಿಕ್ಕಿ ನಡೆಯಿತು.

ಸೀರೆ ಕೊಡೋಕೆ ಎಲ್ಲರೂ ಒಪ್ಪುತ್ತಿರಲಿಲ್ಲ. ಎಳೆ ಕಿತ್ತುಬಿಡ್ತಾರೆ ಅಂತ ಕೆಲವರಿಗೆ ಭಯ. ಒಬ್ಬ ಅಜ್ಜಿ, ತಾನು ಸತ್ತಾಗ ಉಡಿಸಲಿ ಅಂತ ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದ ಸೀರೆ ತಂದಳು. ಆದರೆ ಬಿಟ್ಟು ಹೋಗಲಿಲ್ಲ. ನಾವು ಎಣಿಸಿ ಮುಗಿಸೋ ತನಕ ಸೀರೆಯ ಇನ್ನೊಂದು ತುದಿ ಹಿಡಿದುಕೊಂಡೇ ಕೂತಿದ್ದಳು. ಊಟಕ್ಕೆ ಎದ್ದರೆ ಮಡಚಿ ಮಡಿಲಲ್ಲಿ ಇಟ್ಟುಕೊಳ್ಳೋಳು. ಎಷ್ಟೋ ಡಿಸೈನು ಹೀಗೆ ವಾಪಸ್ ಬಂದವು. ಕೆಲವು ಬರಲೇ ಇಲ್ಲ. ಆ ಸೀರೆಗಳೆಲ್ಲ ಎಲ್ಲೆಲ್ಲಿಗೋ ಮಾರಿಹೋಗಿದ್ದವು. ಜೋಡಿ ಹಂಸದ ಒಂದು ಅಂಚನ್ನ ವೆಂಕಟೇಶಪ್ಪನವರು ನೆನಪಿನಿಂದ ಬರೆಯೋಕೆ ಮೂರು ಸಲ ಕೂತರು. ಮೂರು ಸಲವೂ ಅಳಿಸಿದರು. "ಇದು ಹಂಸ ಅಲ್ಲಮ್ಮ, ಬಾತುಕೋಳಿ" ಅಂದರು. ನಾನು ನಗಲಿಲ್ಲ. ನನ್ನಿಂದ ಹೋದದ್ದು ಅದು.

ಯಜಮಾನರಿಗೆ ಸುದ್ದಿ ಮುಟ್ಟಿತು. "ಗಿರಾಕಿ ಮನೆಗೆ ಹೋಗಿ ಬಿಟ್ಟಿ ಚಾಕರಿ ಮಾಡ್ತೀಯಂತೆ? ಅಂಗಡಿ ಮರ್ಯಾದೆ ಏನಾಗ್ಬೇಕು?"

"ಭಾನುವಾರ ಅಂಗಡಿಗೆ ರಜಾ. ಅವತ್ತಿನ ಮರ್ಯಾದೆ ನಂದು," ಅಂದೆ.

ಅಲ್ಲಿಂದ ಮುಂದೆ ನಾನು ಒಂದು ಡಿಸ್ಕನ್ನೂ ಸುಮ್ಮನೆ ಕೊಡಲಿಲ್ಲ. ಒಳಗೆ ಏನಿಡ್ತೀರಿ, ಎಲ್ಲಿ ಇಡ್ತೀರಿ ಆದ ಮೇಲೆ ಮೂರನೇದು ಕೇಳುತ್ತಿದ್ದೆ. "ಎರಡನೇದು ಎಲ್ಲೈತೆ?" ಒಂದೇ ಕಡೆ ಇದ್ದರೆ ಅದು ಇಟ್ಟ ಹಾಗಲ್ಲ. ಡಿಸ್ಕಿಗೆ ಹಾಕಿ ಕಂಪ್ಯೂಟರಿಂದ ಅಳಿಸಿದರೆ ನೀವು ಜಾಗ ಬದಲಾಯಿಸಿದಿರಿ ಅಷ್ಟೇ. ದೊಡ್ಡದು ಒಂದು ತಗೊಳ್ಳೋ ಬದಲು ಚಿಕ್ಕವು ಎರಡು ತಗೊಳ್ಳಿ, ಒಂದನ್ನ ತಂಗಿ ಮನೆಯಲ್ಲಿ ಇಡಿ. ಇದನ್ನ ಎಷ್ಟು ಸಾವಿರ ಸಲ ಹೇಳಿದೆನೋ. "ಎರಡು ಮಾರಾಕೆ ಇಂಗೆ ಹೇಳ್ತೀಯಮ್ಮ" ಅಂತ ಮುಖಕ್ಕೆ ಹೊಡೆದ ಹಾಗೆ ಅಂದವರಿದ್ದಾರೆ. ಅನ್ನಲಿ.

ಯಜಮಾನರಿಗೆ ಮೊದಮೊದಲು ಇದು ಖುಷಿಯೇ ಆಯ್ತು, ಎರಡೆರಡು ಹೋಗುತ್ತಿದ್ದವಲ್ಲ. ಆಮೇಲೆ ನಾನು ಇನ್ನೊಂದು ಶುರು ಮಾಡಿದೆ. ಮನೆಯಲ್ಲಿ ಸತ್ತುಬಿದ್ದಿರೋ ಹಳೇ ಕಂಪ್ಯೂಟರಿನ ಒಳಗೆ ಎಷ್ಟೋ ಸಲ ಚೆನ್ನಾಗಿರೋ ಡಿಸ್ಕ್ ಇರುತ್ತೆ. ಅದನ್ನ ಬಿಚ್ಚಿ, ಪರೀಕ್ಷೆ ಮಾಡಿ, ಕೇಸಿಂಗ್ ಅನ್ನೋ ಒಂದು ಅಗ್ಗದ ಡಬ್ಬಿಯೊಳಗೆ ಕೂರಿಸಿದರೆ ಎರಡನೇ ಪ್ರತಿ ಇಡೋಕೆ ಬೇಕಾದಷ್ಟಾಯಿತು. "ಮನೇಲಿ ಹಳೇದು ಇದ್ರೆ ತಗೊಂಡು ಬರ್ರಿ, ಹೊಸದು ಯಾಕೆ?" ಅಂತ ಗಿರಾಕಿಗಳಿಗೆ ಹೇಳೋಕೆ ಹತ್ತಿದೆ. ಯಜಮಾನರು ಪೇಪರು ಕೆಳಗಿಟ್ಟರು.

"ನೀನು ನಮ್ಮ ಅಂಗಡಿಯಾಗೆ ಇದೀಯೋ, ಎದುರು ಅಂಗಡಿಯಾಗೆ ಇದೀಯೋ?"

"ಈ ಅಂಗಡಿಯಾಗೇ ಇದೀನಿ. ಅದಕ್ಕೇ ಗಿರಾಕಿನೂ ಈ ಅಂಗಡಿಗೇ ಬರ್ತಾರೆ."

ಅವರು ಮತ್ತೆ ಪೇಪರು ಎತ್ತಿಕೊಂಡರು. ಅಂಗಡಿ ತುಂಬಾ ಜನ ನಿಂತಿದ್ದರು.

ಈಗ ದೊಡ್ಡ ಜಗಳದ ವಿಷಯಕ್ಕೆ ಬರುತ್ತೇನೆ. ತಂಗಿ ಮಗಳ ನಿಶ್ಚಿತಾರ್ಥಕ್ಕೆ ಅಂತ ನಾನು ನಾಲ್ಕು ದಿನ ರಜೆ ಹಾಕಿದ್ದೆ. ವಾಪಸ್ ಬಂದರೆ ಶೆಲ್ಫಿನ ಮೇಲೆ ಮಿರಮಿರ ಮಿಂಚೋ ಹೊಸ ಡಬ್ಬಿಗಳು. ಎರಡು ಟಿಬಿ ಡಿಸ್ಕ್ ಅಂತೆ, ಬೆಲೆ ಅರ್ಧಕ್ಕಿಂತ ಕಡಿಮೆ. ಊರೂರು ತಿರುಗೋ ಒಬ್ಬ ವ್ಯಾಪಾರಿ ಕೊಟ್ಟು ಹೋಗಿದ್ದ. ನಾನಿಲ್ಲದ ನಾಲ್ಕು ದಿನದಲ್ಲಿ ಒಂಬತ್ತು ಮಾರಿಹೋಗಿದ್ದವು.

ಒಂದನ್ನ ಕೈಗೆ ತಗೊಂಡೆ. ಇಪ್ಪತ್ತು ವರ್ಷ ಡಿಸ್ಕ್ ಹಿಡಿದ ಕೈಗೆ ತೂಕ ಗೊತ್ತಾಗುತ್ತೆ. ತೂಕವೆಲ್ಲ ಒಂದೇ ಮೂಲೆಯಲ್ಲಿತ್ತು. ಮಿಷನ್ನಿಗೆ ಹಾಕಿದೆ. ಎರಡು ಟಿಬಿ ಅಂತಲೇ ತೋರಿಸಿತು. ಇಲ್ಲೇ ಮೋಸ ಹೋಗೋದು, ಚೆನ್ನಾಗಿ ಕೇಳಿಸಿಕೊಳ್ಳಿ. ತೋರಿಸೋ ಲೆಕ್ಕವನ್ನ ನಂಬಬೇಡಿ. ತುಂಬಿಸಿ ನೋಡಬೇಕು. ಅಂಗಡಿಯಲ್ಲಿದ್ದ ವಿಡಿಯೋಗಳನ್ನೆಲ್ಲ ಅದಕ್ಕೆ ಸುರಿಯೋಕೆ ಹಚ್ಚಿ, ಬೇರೆ ಕೆಲಸ ಮಾಡಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ತೆರೆದು ನೋಡಿದರೆ ಮೊದಲಿನ ಕೆಲವು ಓಡಿದವು. ಉಳಿದವುಗಳ ಹೆಸರು ಮಾತ್ರ ಇತ್ತು, ತೆರೆದರೆ ಒಳಗೆ ಏನೂ ಇಲ್ಲ. ಚಾಕು ತಗೊಂಡು ಡಿಸ್ಕಿನ ಬೆನ್ನು ಸೀಳಿದೆ. ಒಳಗೆ ಫೋನಿಗೆ ಹಾಕೋ ಒಂದು ಸಣ್ಣ ಮೆಮೊರಿ ಕಾರ್ಡು. ತೂಕಕ್ಕೆ ಅಂಟಿಸಿದ ಎರಡು ಕಬ್ಬಿಣದ ವಾಷರು.

ಯಜಮಾನರ ಮುಂದೆ ಇಟ್ಟೆ. ವಾಷರನ್ನ ಉಗುರಿನಿಂದ ಕೆರೆದು ನೋಡಿದರು.

"ಅವನು ಇನ್ನು ಈ ಕಡೆ ಬರಲ್ಲ. ಫೋನೂ ಎತ್ತಲ್ಲ," ಅಂದರು. ಅವರಿಗೆ ಆಗಲೇ ಅನುಮಾನ ಬಂದಿತ್ತು ಅಂತ ಆ ಮಾತಿನಿಂದ ನನಗೆ ತಿಳಿಯಿತು.

"ಉಳಿದಿದ್ದನ್ನ ಒಳಗೆ ಎತ್ತಿಡ್ತೀನಿ," ಅಂದೆ.

"ಬ್ಯಾಡ. ಮಾರು. ಮನೆ ಕಂಪ್ಯೂಟರ್ ಇಟ್ಕಂಡಿರೋರು ಎರಡು ಟಿಬಿ ಯಾರು ತುಂಬಿಸ್ತಾರೆ? ನಾಲ್ಕು ಫೋಟೋ ಇಡ್ತಾರೆ, ಮರೀತಾರೆ."

"ಒಬ್ರು ತುಂಬಿಸಿದ್ರೆ?"

"ಮಂಗಳಮ್ಮ, ಬಾಯಿ ಮುಚ್ಕಂಡು ಮಾರು. ಆಗಲ್ಲ ಅಂದ್ರೆ ನಾಳೆಯಿಂದ ಬರಬ್ಯಾಡ."

"ಮಾರಲ್ಲ. ನಾಳೆ ಬರ್ತೀನಿ."

ಮಾರನೇ ದಿನ ಹೋದೆ. ಭಯ ಇತ್ತು, ಸುಳ್ಳು ಯಾಕೆ ಹೇಳಲಿ. ಆ ವಯಸ್ಸಿನಲ್ಲಿ ಬೇರೆ ಯಾರು ಕೆಲಸ ಕೊಡುತ್ತಿದ್ದರು? ಆದರೂ ಅವರಿಗಿಂತ ಮುಂಚೆ ಹೋಗಿ ಬಾಗಿಲ ಮುಂದೆ ನಿಂತೆ. ಅವರು ಬಂದು ಬೀಗ ತೆಗೆದರು, ನಾನು ಒಳಗೆ ಹೋದೆ. ವಾರಂಟಿ ಪುಸ್ತಕ ತೆರೆದು ಒಂಬತ್ತು ಹೆಸರು ಹುಡುಕಿ, ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಅಂಗಡಿಯ ಫೋನಿನಿಂದಲೇ ಮಾಡಿದೆ. ಅಂಗಡಿ ಮಾಡಿದ ತಪ್ಪಿಗೆ ನನ್ನ ಫೋನ್ ಯಾಕೆ?

"ನಮ್ಮ ಅಂಗಡಿಯಾಗೆ ತಗೊಂಡ ಡಿಸ್ಕ್ ಮೋಸದ್ದು ಐತೆ. ಅದಕ್ಕೆ ಏನೂ ಹಾಕಬ್ಯಾಡ್ರಿ. ಹಾಕಿದ್ರೆ ಹಳೇ ಕಡೆ ಇರೋದನ್ನ ಅಳಿಸಬ್ಯಾಡ್ರಿ. ತಂದು ಕೊಡ್ರಿ." ಎತ್ತಿದವರಿಗೆಲ್ಲ ಇದೇ ಮಾತು, ಎಂಟು ಸಲ. ಯಜಮಾನರು ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು.

ನಾಯಕನಹಟ್ಟಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರೊಬ್ಬರಿಗೆ ನನ್ನ ಫೋನ್ ತಡವಾಗಿತ್ತು. ಒಂದು ಮದುವೆಯ ವಿಡಿಯೋ ಎಲ್ಲಾ ಅದಕ್ಕೆ ಹಾಕಿ ಕ್ಯಾಮೆರಾದ ಕಾರ್ಡು ಖಾಲಿ ಮಾಡಿಬಿಟ್ಟಿದ್ದರು. ತಾಳಿ ಕಟ್ಟೋ ಹೊತ್ತಿನಿಂದ ಮುಂದೆ ಏನೂ ಉಳಿದಿರಲಿಲ್ಲ. ಮಧ್ಯಾಹ್ನ ಅವರು ಮದುಮಗಳ ಅಪ್ಪನನ್ನೂ ಕರೆದುಕೊಂಡೇ ಬಂದರು. ಆ ಅಪ್ಪ ಕೂಗಾಡಲಿಲ್ಲ. ಯಜಮಾನರ ಮುಂದೆ ನಿಂತು, "ರುದ್ರಪ್ಪಾರೆ, ನಮ್ಮವ್ವ ಆ ಮದುವೆ ಆಗಿ ಹನ್ನೊಂದು ದಿನಕ್ಕೆ ತೀರ್ಕಂಡ್ಳು. ಅಕ್ಷತೆ ಹಾಕಿದ್ದು ಅದರಾಗಿತ್ತು. ಅದೊಂದನ್ನ ತೆಗೆದುಕೊಡಾಕೆ ಆಗುತ್ತಾ ನೋಡ್ರಿ" ಅಂದರು.

ಯಜಮಾನರು ನನ್ನ ಮುಖ ನೋಡಿದರು. ನಾನು ತಲೆ ಅಲ್ಲಾಡಿಸಿದೆ, ಆಗಲ್ಲ ಅಂತ. ಬರೆದಿದ್ದರೆ ತಾನೇ ತೆಗೆಯೋದು? ಆ ಡಿಸ್ಕು ಅದನ್ನ ಬರೆದುಕೊಂಡೇ ಇರಲಿಲ್ಲ. ಆ ಮಾತನ್ನ ಆ ಅಪ್ಪನಿಗೆ ನಾನೇ ಹೇಳಿದೆ.

ಅವತ್ತು ಸಂಜೆ ಉಳಿದ ಡಬ್ಬಿಗಳನ್ನೆಲ್ಲ ಯಜಮಾನರೇ ಶೆಲ್ಫಿನಿಂದ ಇಳಿಸಿದರು. ತಪ್ಪಾಯ್ತು ಅನ್ನಲಿಲ್ಲ. ನನ್ನ ಜತೆ ಐದು ತಿಂಗಳು ಮಾತೂ ಆಡಲಿಲ್ಲ. ಬೇಕಾದ್ದನ್ನ ಚೀಟಿಯಲ್ಲಿ ಬರೆದು ಕೌಂಟರಿನ ಮೇಲೆ ಇಡೋರು. ನಾನು ಸೀಳಿದ ಡಿಸ್ಕನ್ನ ವಾಷರ್ ಕಾಣೋ ಹಾಗೆ ಕೌಂಟರಿನ ಮೇಲೆ ಇಟ್ಟಿದ್ದೆ, ಬಂದವರೆಲ್ಲ ನೋಡಲಿ ಅಂತ. ಅವರು ಬೆಳಿಗ್ಗೆ ತೆಗೆದು ಡ್ರಾಯರಿಗೆ ಹಾಕೋರು, ನಾನು ಮಧ್ಯಾಹ್ನ ತೆಗೆದು ಮತ್ತೆ ಇಡೋಳು. ಕೆಲಸದಿಂದ ಮಾತ್ರ ತೆಗೆಯಲಿಲ್ಲ. ನಾಲ್ಕು ದಿನ ರಜೆ ಹಾಕಿದರೆ ಏನಾಗುತ್ತೆ ಅಂತ ನೋಡಿದ್ದರಲ್ಲ.

ಆ ಒಂಬತ್ತು ಹೆಸರಿನಲ್ಲಿ ಒಂದು ವೆಂಕಟೇಶಪ್ಪನವರದು. ಅವರು ಫೋನ್ ಎತ್ತಿರಲಿಲ್ಲ. ಆ ಭಾನುವಾರ ಮೊದಲ ಬಸ್ಸಿಗೇ ಹೊರಟೆ. ದಾರಿಯಲ್ಲಿ ಸಿಗೋ ಹಾನಗಲ್ ದಾಟೋ ತನಕ ನನಗೆ ಬೇರೆ ಏನೂ ಹೊಳೆಯಲಿಲ್ಲ. ಸೀರೆ ಎಣಿಸಿ ಎಣಿಸಿ ವಾಪಸ್ ತಂದದ್ದು ಮತ್ತೆ ಹೋಗಿದ್ದರೆ ಆ ಮನೆಯ ಬಾಗಿಲಲ್ಲಿ ನಾನು ಹೇಗೆ ನಿಲ್ಲಲಿ?

ಮಗ್ಗ ನಡೆಯುತ್ತಿತ್ತು. ಕಂಪ್ಯೂಟರ್ ಮೇಜು ಈಗ ಮಗ್ಗದಿಂದ ದೂರ, ಇನ್ನೊಂದು ಕೋಣೆಯಲ್ಲಿತ್ತು. ಹೊಸ ಡಿಸ್ಕು ಅಲ್ಲೇ ಇತ್ತು, ಹಾಕಿಯೇ ಇತ್ತು.

"ಇದಕ್ಕೆ ಏನು ಹಾಕಿದ್ರಿ?" ಅಂದೆ.

"ಎಲ್ಲಾ ಹಾಕೀನಿ. ಸೀರೆ ಫೋಟೋ, ಲಕ್ಷ್ಮಿ ನೇಯೋ ವಿಡಿಯೋ, ಡಿಸೈನು, ಎಲ್ಲಾ."

"ಹಳೇದರಿಂದ ಅಳಿಸಿದ್ರಾ?"

ಅವರು ನನ್ನನ್ನ ವಿಚಿತ್ರವಾಗಿ ನೋಡಿದರು. "ಯಾಕಮ್ಮ ಅಳಿಸ್ಲಿ? ಅಳಿಸಿದ್ರೆ ಜಾಗ ಬದಲಾಯಿಸಿದಂಗೆ ಅಂತ ನೀವೇ ಅಂದಿದ್ರಲ್ಲ. ಒಂದು ಕಂಪ್ಯೂಟರಾಗೈತೆ, ಒಂದು, ನೀವು ಆಮೇಲೆ ಕೊಟ್ಟ ಡಿಸ್ಕು, ನಮ್ಮ ಷಡ್ಡಕನ ಮನೆಯಾಗೈತೆ. ಇದು ಮೂರನೇದು."

ನಾನು ಆ ಮೋಸದ ಡಿಸ್ಕನ್ನ ಕಿತ್ತು ಚೀಲಕ್ಕೆ ಹಾಕಿಕೊಂಡು ಅಲ್ಲೇ ನೆಲದ ಮೇಲೆ ಕೂತೆ. ಲಕ್ಷ್ಮಕ್ಕ ಮಗ್ಗ ನಿಲ್ಲಿಸಿ ನೀರು ತಂದುಕೊಟ್ಟರು.

ಈಗ ಕಾಲ ಬದಲಾಗಿದೆ. ಫೋನಿನಲ್ಲಿ ಬೆರಳು ಒತ್ತಿದರೆ ಡಿಸ್ಕ್ ಮನೆ ಬಾಗಿಲಿಗೆ ಬರುತ್ತೆ, ನಂಬೋಕಾಗದಷ್ಟು ಅಗ್ಗಕ್ಕೂ ಬರುತ್ತೆ, ಅದರಲ್ಲಿ ವಾಷರೂ ಬರುತ್ತೆ. "ಎಲ್ಲಾ ಇಂಟರ್ನೆಟ್ಟಿನಾಗೆ ಇಡ್ತೀವಿ ಅಕ್ಕಾ, ಡಿಸ್ಕ್ ಯಾಕೆ?" ಅನ್ನೋರಿದ್ದಾರೆ. ಇಡಿ. ಅದು ಎರಡನೇದು ಆಗಲಿ, ಒಂದನೇದು ನಿಮ್ಮ ಕೈಯಲ್ಲಿರಲಿ. ಫೋನ್ ಕಳೆದು, ಪಾಸ್‌ವರ್ಡೂ ಅದರ ಜತೆ ಹೋಗಿ, ಅಂಗಡಿ ಮುಂದೆ ಬಂದು ಅತ್ತವರನ್ನ ನಾನು ನೋಡಿದ್ದೇನೆ. ಹೊಸ ಡಿಸ್ಕ್ ತಂದ ದಿನವೇ ತುಂಬಿಸಿ ನೋಡಿ. ಕೆಟ್ಟಿದೆ ಅಂತ ಬಿಸಾಡೋಕೆ ಮುಂಚೆ ಬೇರೆ ಕೇಬಲ್ ಹಾಕಿ ನೋಡಿ. ತಿರುಗೋ ಡಿಸ್ಕನ್ನ ತಿರುಗುವಾಗ ಎತ್ತಬೇಡಿ. ಅಂಗಡಿಯಲ್ಲಿ ಕೆಲಸ ಮಾಡೋರು ಇದನ್ನ ಗಿರಾಕಿ ಕೇಳದಿದ್ದರೂ ಹೇಳಿ. ಯಜಮಾನರು ಪೇಪರು ಕೆಳಗಿಟ್ಟು ನೋಡಿದರೂ ಹೇಳಿ.

ನನ್ನ ಕೊನೇ ದಿನ ಹಾರ ತುರಾಯಿ ಏನೂ ಇರಲಿಲ್ಲ. ನಾನು ಎದುರು ನೋಡಿಯೂ ಇರಲಿಲ್ಲ. ಸಂಜೆ ಐದರ ಹೊತ್ತಿಗೆ ಹೋಟೆಲಿಟ್ಟುಕೊಂಡಿರೋ ಒಬ್ಬ ಮನುಷ್ಯ ಬಂದ. ಅಂಗಡಿ ಮುಂದಿನ ಆಫರ್ ಬೋರ್ಡು ನೋಡಿ ಬಂದವನು. ಎಲ್ಲಕ್ಕಿಂತ ದೊಡ್ಡ ಡಿಸ್ಕು ಕೊಡಿ ಅಂದ.

"ಒಳಗೆ ಏನಿಡ್ತೀಯಪ್ಪ?"

"ಫೋನು ತುಂಬಿಹೋಗೈತೆ ಅಕ್ಕಾ. ಮಕ್ಕಳ ಫೋಟೋ ಅದಾವೆ."

"ಮನೇಲಿ ಕಂಪ್ಯೂಟರ್ ಐತಾ?"

"ಇಲ್ಲ. ಫೋನಿಗೇ ಹಾಕ್ತೀನಿ."

"ಇಷ್ಟು ದೊಡ್ಡದನ್ನ ತಿರುಗಿಸೋವಷ್ಟು ಕರೆಂಟು ನಿನ್ನ ಫೋನಿನಾಗೆ ಇಲ್ಲಪ್ಪ. ಇದು ನಿಂಗೆ ಬ್ಯಾಡ. ಫೋನಿಗೆ ಹಾಕೋ ಪುಟ್ಟ ಪೆನ್ ಡ್ರೈವ್ ಎರಡು ತಗೋ. ಫೋಟೋ ಎಂಗೆ ಹಾಕೋದು ಅಂತ ತೋರಿಸ್ತೀನಿ."

ಅವನಿಗೆ ಬೋರ್ಡಿನ ಮೇಲಿನ ಬೆಲೆ ಬಿಡೋಕೆ ಮನಸ್ಸಿಲ್ಲ. ಕುರ್ಚಿಯ ಕಡೆ ತಿರುಗಿದ. "ಯಜಮಾನ್ರೆ, ನೀವಾನ ಕೊಡ್ರಿ."

ರುದ್ರಪ್ಪನವರು ಪೇಪರಿನಿಂದ ತಲೆ ಎತ್ತಲಿಲ್ಲ. "ಆಯಮ್ಮ ಬ್ಯಾಡ ಅಂದ್ರೆ ಇವತ್ತಿಗೆ ಬ್ಯಾಡ. ನಾಳೆ ಬಾರಪ್ಪ. ನಾಳೆ ಆಯಮ್ಮ ಇರಲ್ಲ."

ನಾನು ಒಂದು ಹಾಳೆ ಹರಿದು ನಮ್ಮ ಬೀದಿಯ ಹೆಸರು, ಮನೆ ಬಾಗಿಲಿನ ಬಣ್ಣ ಬರೆದು ಅವನ ಕೈಗೆ ಕೊಟ್ಟೆ.

"ನಾಳೆ ಇಲ್ಲಿಗೆ ಬರಾಕೆ ಮುಂಚೆ ಅಲ್ಲಿಗೆ ಬಾ," ಅಂದೆ, ಯಜಮಾನರಿಗೆ ಕೇಳೋ ಹಾಗೆ.

ಬೆಳಿಗ್ಗೆ ಎಂಟಕ್ಕೇ ಬಂದ, ಫೋನು ಹಿಡಕೊಂಡು.